ಟಾರ್ಕ್ ಕನ್ವರ್ಟರಿನ ಬೆಲೆ

ಬೆಲೆ ಬೇರೆ, ವೆಚ್ಚ ಬೇರೆ ಎಂಬ ಮಾತನ್ನು ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿಯೇ ನಮಗೆ ಹೇಳಿಕೊಡುತ್ತಾರೆ. ನಾವು ಅದನ್ನು ಪರೀಕ್ಷೆಗೆ ಬರೆದು, ಅಂಕ ಪಡೆದು, ಅನಂತರ ಮರೆತುಬಿಡುತ್ತೇವೆ. ಆದರೆ ಈ ಭೇದವು ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಕಾಣಿಸುವ ಒಂದು ಕಾಗದವುಂಟು. ಅದು ಮೋಟಾರು ಗ್ಯಾರೇಜಿನ ಅಂದಾಜು ಚೀಟಿ. ಅದರಲ್ಲಿಯೂ ಗೇರು ಹಾಕುವ ಶ್ರಮವಿಲ್ಲದ, ತಾನಾಗಿಯೇ ಗೇರು ಬದಲಿಸುವ ಡೀಸೆಲ್ ಬಂಡಿಯೊಂದರ ಟಾರ್ಕ್ ಕನ್ವರ್ಟರು ಕೆಟ್ಟಾಗ ಬರೆದುಕೊಡುವ ಚೀಟಿಯನ್ನು ನೋಡಿದರೆ, ಒಂದು ಕುಟುಂಬದ ಆರು ತಿಂಗಳ ಉಳಿತಾಯ ಯಾವ ದಾರಿಯಲ್ಲಿ ಕರಗಿಹೋಗುತ್ತದೆ ಎಂಬುದು ಸಾಲುಸಾಲಾಗಿ ತಿಳಿಯುತ್ತದೆ. ಆ ಚೀಟಿಯನ್ನು ಓದುವ ಬಗೆಯನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಯಂತ್ರದ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಾನು ವಾಸಿಸುವ ರಾಜೀವನಗರವನ್ನು ಒಮ್ಮೆ ಸುತ್ತಿ ಬಂದವರು ಈ ಪ್ರಶ್ನೆಯನ್ನು ಕೇಳಲಾರರು. ಉದಯಗಿರಿ, ಕೆಸರೆಗಳ ನೆರೆಯಲ್ಲಿರುವ ಈ ಬಡಾವಣೆಯಲ್ಲಿ ಚಾಲಕರ ಮನೆಗಳು, ಮೆಕ್ಯಾನಿಕ್ಕರ ಮನೆಗಳು ಬಹಳ. ಬೆಳಗಿನ ಜಾವಕ್ಕೆ ಊಟಿಗೋ ಕೊಡಗಿಗೋ ಹೊರಡುವ ಬಾಡಿಗೆ ಕಾರುಗಳು ಮನೆಯ ಮುಂದೆಯೇ ನಿಂತಿರುತ್ತವೆ. ಇಂತಹ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರ ಪರೀಕ್ಷಾ ಶುಲ್ಕ, ಬಸ್ಸಿನ ಪಾಸು, ಪುಸ್ತಕ, ಎಲ್ಲವೂ ಬಂಡಿಯ ಚಕ್ರ ತಿರುಗುವುದನ್ನು ಅವಲಂಬಿಸಿವೆ. ಆದುದರಿಂದ ಇದು ಯಂತ್ರಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ಸಂಸಾರದ ಪ್ರಶ್ನೆಯೂ ಆಗಿದೆ.

ಮೊದಲು ಆ ವಸ್ತು ಯಾವುದು ಎಂಬುದನ್ನು ನೋಡೋಣ. ಓಡುತ್ತಿರುವ ಇಂಜಿನು ನಿಲ್ಲಲಾರದು. ನಿಂತರೆ ಮತ್ತೆ ಸ್ಟಾರ್ಟು ಮಾಡಬೇಕು. ಚಕ್ರವಾದರೋ ಸಿಗ್ನಲಿನ ಮುಂದೆ ನಿಲ್ಲಲೇಬೇಕು. ತಿರುಗುವ ಇಂಜಿನಿಗೂ ನಿಂತ ಚಕ್ರಕ್ಕೂ ನಡುವೆ ಸಂಧಾನ ಮಾಡುವ ಒಂದು ಭಾಗ ಬೇಕು. ಸಾಧಾರಣ ಬಂಡಿಯಲ್ಲಿ ಆ ಸಂಧಾನಕಾರ ಕ್ಲಚ್ಚು. ಚಾಲಕನು ಎಡಗಾಲಿನಿಂದ ಅದನ್ನು ಒತ್ತಿ ಇಂಜಿನನ್ನು ಬಿಡಿಸುತ್ತಾನೆ, ಮೆಲ್ಲನೆ ಬಿಟ್ಟು ಕೂಡಿಸುತ್ತಾನೆ. ಎರಡೇ ಪೆಡಲುಗಳಿರುವ ಬಂಡಿಗಳಲ್ಲಿ ಬಹುಮಟ್ಟಿಗೆ ಈ ಕೆಲಸವನ್ನು ಎಣ್ಣೆಗೆ ಒಪ್ಪಿಸಲಾಗಿದೆ. ಆ ಎಣ್ಣೆಯನ್ನು ಒಳಗಿಟ್ಟುಕೊಂಡು ಇಂಜಿನಿಗೂ ಗೇರು ಪೆಟ್ಟಿಗೆಗೂ ನಡುವೆ ಕುಳಿತಿರುವ, ದೊಡ್ಡ ಕುಂಬಳಕಾಯಿಯಂತೆ ಉಬ್ಬಿದ ಉಕ್ಕಿನ ಡಬ್ಬವೇ ಟಾರ್ಕ್ ಕನ್ವರ್ಟರು. ಟಾರ್ಕ್ ಎಂದರೆ ತಿರುಗುಬಲ. ಅದನ್ನು ಹೆಚ್ಚುಕಡಮೆ ಮಾಡಿಕೊಡುವುದರಿಂದ ಕನ್ವರ್ಟರು ಎಂಬ ಹೆಸರು.

ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ತನ್ನು ಕೊಟ್ಟರೆ, ಅದರ ಗಾಳಿಯಿಂದ ಇನ್ನೊಂದೂ ಮೆಲ್ಲಗೆ ತಿರುಗತೊಡಗುತ್ತದೆ. ಡಬ್ಬದ ಒಳಗೆ ನಡೆಯುವುದೂ ಇದೇ. ಇಂಜಿನಿಗೆ ಸೇರಿದ ಅಲಗುಗಳು ಎಣ್ಣೆಯನ್ನು ಎಸೆಯುತ್ತವೆ. ಇದಕ್ಕೆ ಪಂಪು ಎನ್ನೋಣ. ಗೇರು ಪೆಟ್ಟಿಗೆಗೆ ಸೇರಿದ ಅಲಗುಗಳು ಆ ಏಟನ್ನು ತಿಂದು ತಿರುಗುತ್ತವೆ, ಇದು ಟರ್ಬೈನು. ನಮ್ಮ ಸೀಮೆಯವರಿಗೆ ಟರ್ಬೈನು ಹೊಸ ಮಾತಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಚಕ್ರಗಳನ್ನು ತಿರುಗಿಸಿ, ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿತು. ಅಲ್ಲಿ ನೀರಿಗೆ ವೇಗ ಕೊಟ್ಟದ್ದು ಬೆಟ್ಟದ ಎತ್ತರ. ಇಲ್ಲಿ ಎಣ್ಣೆಗೆ ವೇಗ ಕೊಡುವುದು ಇಂಜಿನು.

ಇಷ್ಟೇ ಆಗಿದ್ದರೆ ಕೊಟ್ಟ ಬಲಕ್ಕಿಂತ ಹೆಚ್ಚು ಬಲ ಆಚೆಗೆ ಬರುತ್ತಿರಲಿಲ್ಲ. ಪಂಪು, ಟರ್ಬೈನುಗಳ ನಡುವೆ ಮೂರನೆಯ ಸಣ್ಣ ಚಕ್ರವೊಂದಿದೆ. ಅದರ ಹೆಸರು ಸ್ಟೇಟರು. ಟರ್ಬೈನಿಗೆ ಬಡಿದು ಹಿಂದಿರುಗುವ ಎಣ್ಣೆಯು ಪಂಪಿಗೆ ಎದುರು ದಿಕ್ಕಿನಲ್ಲಿ ಬಂದು ಅದನ್ನು ತಡೆಯುವಂತಿರುತ್ತದೆ. ಸ್ಟೇಟರು ಅದರ ದಿಕ್ಕನ್ನು ತಿರುಗಿಸಿ ಪಂಪಿಗೆ ಸಹಾಯವಾಗುವಂತೆ ಕಳುಹಿಸುತ್ತದೆ. ಹಾರೆಕೋಲಿನ ಕೆಳಗೆ ಕಲ್ಲನ್ನಿಟ್ಟರೆ ಬಂಡೆ ಅಲುಗುತ್ತದಲ್ಲವೆ? ಸ್ಟೇಟರು ಆ ಕಲ್ಲಿನಂತೆ. ಬಂಡಿ ಹೊರಡುವ ಗಳಿಗೆಯಲ್ಲಿ ಇಂಜಿನಿನ ತಿರುಗುಬಲವು ಸುಮಾರು ಎರಡರಷ್ಟಾಗುವುದು ಇದರಿಂದಲೇ. ಬಂಡಿಗೆ ವೇಗ ಬಂದ ಮೇಲೆ ಸ್ಟೇಟರು ಅಡ್ಡವಾಗಬಾರದು. ಆದುದರಿಂದ ಸೈಕಲ್ಲಿನ ಫ್ರೀವೀಲಿನಂತೆ ಒಂದೇ ದಿಕ್ಕಿಗೆ ಬಿಡುವ ಏರ್ಪಾಡಿನ ಮೇಲೆ ಅದನ್ನು ಕೂರಿಸಿರುತ್ತಾರೆ. ಕೊನೆಯದಾಗಿ, ನೇರ ರಸ್ತೆಯಲ್ಲಿ ಸಮವೇಗದಿಂದ ಹೋಗುವಾಗ ಎಣ್ಣೆಯ ಜಾರಾಟವೇ ಬೇಡವೆಂದು ಪಂಪನ್ನೂ ಟರ್ಬೈನನ್ನೂ ಕಚ್ಚಿ ಹಿಡಿಯುವ ಲಾಕಪ್ ಕ್ಲಚ್ಚು ಎಂಬ ತೆಳುವಾದ ತಟ್ಟೆಯನ್ನೂ ಒಳಗೆ ಅಳವಡಿಸಿರುತ್ತಾರೆ. ಹೀಗೆ ಒಂದು ಡಬ್ಬದಲ್ಲಿ ನಾಲ್ಕು ಕೆಲಸಗಾರರು.

ಇದನ್ನು ಕಂಡುಹಿಡಿದವರು ಮೋಟಾರಿನವರಲ್ಲ, ಹಡಗಿನವರು. ಜರ್ಮನಿಯ ಹರ್ಮನ್ ಫಟ್ಟಿಂಗರ್ ಎಂಬ ಇಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಬಹು ವೇಗವಾಗಿ ತಿರುಗುವ ಉಗಿ ಟರ್ಬೈನಿಗೂ ನಿಧಾನವಾಗಿ ತಿರುಗಬೇಕಾದ ಹಡಗಿನ ರೆಕ್ಕೆಗೂ ಹೊಂದಾಣಿಕೆ ತರುವುದು ಅವರ ಗುರಿಯಾಗಿತ್ತು. ಅಮೆರಿಕದಲ್ಲಿ 1948ರ ಬ್ಯೂಕ್ ಕಾರಿನೊಡನೆ ಅದು ಜನಸಾಮಾನ್ಯರ ಬಂಡಿಗೆ ಇಳಿಯಿತು. ನಮ್ಮ ದೇಶದಲ್ಲಿ ರೈಲ್ವೆಯ ಇಂಜಿನಿಯರ್ ಮನಮೋಹನ ಸೂರಿಯವರು, ಹೊರಡುವಾಗಿನ ಬಲವನ್ನೂ ಓಡುವಾಗಿನ ಮಿತವ್ಯಯವನ್ನೂ ಒಟ್ಟುಗೂಡಿಸುವ ದ್ರವಚಾಲಿತ ಏರ್ಪಾಡೊಂದನ್ನು ಡೀಸೆಲ್ ರೈಲು ಇಂಜಿನುಗಳಿಗಾಗಿ ರೂಪಿಸಿದರು. ಅದಕ್ಕೆ ಸೂರಿ ಟ್ರಾನ್ಸ್‌ಮಿಷನ್ ಎಂದೇ ಹೆಸರಾಯಿತು. 1962ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿಯೂ ದೊರೆಯಿತು.

ಮೈಸೂರಿಗೂ ಈ ವಿದ್ಯೆಗೂ ನಂಟುಂಟು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು 1984ರಲ್ಲಿ ಮೈಸೂರಿನಲ್ಲಿ ತನ್ನ ಕಾರ್ಖಾನೆಯನ್ನು ತೆರೆದು, ಗಣಿಗಳಿಗೆ ಬೇಕಾದ ಭಾರಿ ಡಂಪರುಗಳನ್ನೂ ಡೀಸೆಲ್ ಇಂಜಿನುಗಳನ್ನೂ ತಯಾರಿಸತೊಡಗಿತು. ಮೂವತ್ತೈದು, ಅರವತ್ತು ಟನ್ನು ಹೊರುವ ಡಂಪರಿನಲ್ಲಿ ಕಾಲಿನಿಂದ ಒತ್ತುವ ಕ್ಲಚ್ಚು ಎಷ್ಟು ದಿನ ಬಾಳೀತು? ಅಲ್ಲಿ ಟಾರ್ಕ್ ಕನ್ವರ್ಟರು ಭೋಗದ ವಸ್ತುವಲ್ಲ, ಅನಿವಾರ್ಯ. ಅದೇ ಸಂಸ್ಥೆಯ 205 ಟನ್ನಿನ ಡಂಪರಿನಲ್ಲಾದರೋ ಡೀಸೆಲ್ ಇಂಜಿನು ವಿದ್ಯುತ್ತನ್ನು ಹುಟ್ಟಿಸಿ, ಚಕ್ರಗಳನ್ನು ವಿದ್ಯುತ್ ಮೋಟಾರುಗಳು ತಿರುಗಿಸುತ್ತವೆ. ಅಲ್ಲಿ ಕನ್ವರ್ಟರಿಗೆ ಕೆಲಸವೇ ಇಲ್ಲ. ಭಾರವು ಒಂದು ಮಿತಿಯನ್ನು ದಾಟಿದರೆ ಎಣ್ಣೆಗಿಂತ ವಿದ್ಯುತ್ತೇ ಅಗ್ಗವೆಂಬುದಕ್ಕೆ ನಮ್ಮ ಊರಿನಲ್ಲಿಯೇ ತಯಾರಾಗುವ ಸಾಕ್ಷಿ ಇದು.

ಊರ ಬೀದಿಗೆ ಈ ಯಂತ್ರ ಬಂದದ್ದು ತಡವಾಗಿ. ಬೆಂಗಳೂರಿನ ನಗರ ಸಾರಿಗೆಗೆ 2006ರ ಸುಮಾರಿಗೆ ಬಂದ ವೋಲ್ವೊ ಬಸ್ಸುಗಳಲ್ಲಿ ಚಾಲಕನು ಗೇರು ಹಾಕುವ ಕೆಲಸವಿರಲಿಲ್ಲ. 2008ರಲ್ಲಿ ಮಹೀಂದ್ರದ ಸ್ಕಾರ್ಪಿಯೊ, 2015ರಲ್ಲಿ ಹ್ಯುಂಡೈನ ಕ್ರೆಟಾ, ಹೀಗೆ ಡೀಸೆಲ್ ಬಂಡಿಗಳು ಒಂದೊಂದಾಗಿ ಎರಡು ಪೆಡಲಿನ ರೂಪದಲ್ಲಿಯೂ ಮಾರಾಟಕ್ಕೆ ಬಂದವು. ಮೈಸೂರು ಬೆಂಗಳೂರು ದಾರಿಯ ಬಿಡದಿಯಲ್ಲಿ 1999ರ ಕೊನೆಯಿಂದ ಬಂಡಿಗಳನ್ನು ತಯಾರಿಸುತ್ತಿರುವ ಟೊಯೋಟಾ ಕಾರ್ಖಾನೆಯು 2016ರಲ್ಲಿ ಇನ್ನೋವಾ ಕ್ರಿಸ್ಟಾವನ್ನು ಹೊರತಂದಾಗ, ಅದರ 2.8 ಲೀಟರಿನ ಡೀಸೆಲ್ ಮಾದರಿಯಲ್ಲಿ ಆರು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯಿತ್ತು. ಅಂದು ಸಾಹುಕಾರರು ಕೊಂಡ ಬಂಡಿಗಳು ಇಂದು ಎರಡನೆಯ, ಮೂರನೆಯ ಕೈಗೆ ಬಂದಿವೆ. ಇಲ್ಲಿಯೇ ತೊಂದರೆ. ಬಂಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹಳೆಯ ಬಂಡಿಯನ್ನು ಹಳೆಯ ಬೆಲೆಗೆ ಕೊಂಡವನು, ಹೊಸ ಬಂಡಿಯ ಬೆಲೆಯಲ್ಲಿ ರಿಪೇರಿ ಮಾಡಿಸಬೇಕಾಗುತ್ತದೆ.

ಡೀಸೆಲ್ಲಿನ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. ಡೀಸೆಲ್ ಇಂಜಿನು ಕಡಮೆ ಸುತ್ತಿನಲ್ಲಿಯೇ ಹೆಚ್ಚು ತಿರುಗುಬಲವನ್ನು ಕೊಡುತ್ತದೆ. ಮೇಲೆ ಹೇಳಿದ ಕ್ರಿಸ್ಟಾದ ಪೆಟ್ರೋಲ್ ಇಂಜಿನಿನ ಗರಿಷ್ಠ ತಿರುಗುಬಲ 245 ನ್ಯೂಟನ್-ಮೀಟರ್. ಅದರ ಡೀಸೆಲ್ ಸ್ವಯಂಚಾಲಿತ ಮಾದರಿಯದು 360. ಒಂದೇ ಮೈಕಟ್ಟಿನ ಬಂಡಿಯಲ್ಲಿ ಅರ್ಧಕ್ಕೆ ಸಮೀಪದಷ್ಟು ಹೆಚ್ಚಿನ ತಿರುಚಾಟ! ಇದನ್ನು ತಡೆಯಲು ಕನ್ವರ್ಟರಿನ ಅಲಗು, ಬೇರಿಂಗು, ಲಾಕಪ್ ತಟ್ಟೆ ಎಲ್ಲವೂ ಗಟ್ಟಿಯಾಗಿರಬೇಕು. ಡೀಸೆಲ್ ಇಂಜಿನಿನ ಪ್ರತಿಯೊಂದು ಸ್ಫೋಟದ ಗುದ್ದನ್ನೂ ಮೆತ್ತಗೆ ಮಾಡುವ ಸ್ಪ್ರಿಂಗುಗಳು ತಟ್ಟೆಯಲ್ಲಿರಬೇಕು. ಪೆಟ್ರೋಲ್ ಬಂಡಿಯ ಕನ್ವರ್ಟರನ್ನು ತಂದು ಡೀಸೆಲ್ಲಿಗೆ ಕೂರಿಸಲಾಗದಿರುವುದಕ್ಕೂ, ಡೀಸೆಲ್ಲಿನದು ದುಬಾರಿಯಾಗಿರುವುದಕ್ಕೂ ಇದೇ ಕಾರಣ.

ಇನ್ನು ಇದು ಕೆಡುವುದು ಹೇಗೆ? ಮುಖ್ಯ ಶತ್ರು ಶಾಖ. ಒಂದು ಸಣ್ಣ ಲೆಕ್ಕವನ್ನು ನೋಡೋಣ. ಘಟ್ಟವನ್ನು ಹತ್ತುವಾಗ ಟರ್ಬೈನು ಪಂಪಿನ ಅರ್ಧ ವೇಗದಲ್ಲಿ ತಿರುಗುತ್ತಿದೆ, ಬಲವು ಒಂದೂವರೆಯಷ್ಟಾಗಿದೆ ಎಂದುಕೊಳ್ಳೋಣ. ಶಕ್ತಿಯೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಅರ್ಧವನ್ನು ಒಂದೂವರೆಯಿಂದ ಗುಣಿಸಿದರೆ ಮುಕ್ಕಾಲು. ಉಳಿದ ಕಾಲುಭಾಗ ಎಲ್ಲಿಗೆ ಹೋಯಿತು? ಎಣ್ಣೆಯಲ್ಲಿ ಶಾಖವಾಯಿತು. ಇಂಜಿನು 40 ಕಿಲೋವಾಟ್ ಕೊಡುತ್ತಿದ್ದರೆ 10 ಕಿಲೋವಾಟ್ ಶಾಖ. ಸಾವಿರ ವಾಟಿನ ಹತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿ ಆ ಎಣ್ಣೆಯಲ್ಲಿ ಮುಳುಗಿಸಿದಂತೆ! ಮಸಿನಗುಡಿಯಿಂದ ಊಟಿಗೆ ಹೋಗುವ ದಾರಿಯಲ್ಲಿ 36 ಕಡಿದಾದ ತಿರುವುಗಳಿವೆ. ಏಳು ಜನರನ್ನೂ ತಲೆಯ ಮೇಲೆ ಸಾಮಾನನ್ನೂ ಹೊತ್ತ ಬಂಡಿಯು ಅಲ್ಲಿ ಮೆಲ್ಲಗೆ ಹತ್ತುವಾಗ ಕನ್ವರ್ಟರು ಜಾರುತ್ತಲೇ ಇರುತ್ತದೆ, ಕಾಯುತ್ತಲೇ ಇರುತ್ತದೆ. ಕೂಲರಿನಲ್ಲಿ ಹರಿದು ಎಣ್ಣೆ ತಣ್ಣಗಾಗಬೇಕು. ಕೂಲರು ಕಟ್ಟಿದ್ದರೆ, ಎಣ್ಣೆ ಹಳೆಯದಾಗಿದ್ದರೆ, ಅದು ಕಪ್ಪಗಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಲಾಕಪ್ ತಟ್ಟೆಯ ಮೇಲಿನ ಲೇಪ ಸವೆದು ಪುಡಿಯಾಗುತ್ತದೆ. ಆ ಪುಡಿ ಗೇರು ಪೆಟ್ಟಿಗೆಯ ಸಣ್ಣ ಸಣ್ಣ ಕವಾಟಗಳಿಗೆ ಹೋಗಿ ಸೇರುತ್ತದೆ. ಹೀಗೆ ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ.

ರೋಗದ ಲಕ್ಷಣಗಳನ್ನು ಚಾಲಕರು ಬೇಗನೆ ಗುರುತಿಸುತ್ತಾರೆ. ಗಂಟೆಗೆ ಅರವತ್ತು ಎಂಬತ್ತು ಕಿಲೋಮೀಟರ್ ವೇಗದಲ್ಲಿ, ಲಾಕಪ್ ಕಚ್ಚುವ ಸಮಯಕ್ಕೆ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದಂತೆ ಬಂಡಿ ನಡುಗುತ್ತದೆ. ಇಂಜಿನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಗೇರಿಗೆ ಹಾಕಿದರೆ ಒಂದು ಕ್ಷಣ ಯೋಚಿಸಿ ಹೊರಡುತ್ತದೆ. ಆದರೆ ಲಕ್ಷಣವೇ ರೋಗವಲ್ಲ. ಇಂಜೆಕ್ಟರು ಸರಿಯಿಲ್ಲದಿದ್ದರೂ ಬಂಡಿ ನಡುಗುತ್ತದೆ. ಇಂಜಿನನ್ನು ಹಿಡಿದ ರಬ್ಬರು ಮೌಂಟು ಹರಿದಿದ್ದರೂ ನಡುಗುತ್ತದೆ. ಕವಾಟಗಳನ್ನು ಆಳುವ ಸೊಲೆನಾಯ್ಡು ಅಂಟಿಕೊಂಡರೂ ನಡುಗುತ್ತದೆ. ಎಷ್ಟೋ ವೇಳೆ ಹಳೆಯ ಎಣ್ಣೆಯನ್ನು ತೆಗೆದು ಸರಿಯಾದ ಎಣ್ಣೆಯನ್ನು ಹಾಕಿದರೆ ಸಾಕು, ನಡುಕ ನಿಲ್ಲುತ್ತದೆ.

ನಮ್ಮ ಬೀದಿಯ ಟ್ಯಾಕ್ಸಿ ಯಜಮಾನರೊಬ್ಬರ ಬಂಡಿಗೆ ಈಚೆಗೆ ಇಂತಹ ನಡುಕ ಬಂದಿತು. ದೊಡ್ಡದೊಂದು ಗ್ಯಾರೇಜಿನಲ್ಲಿ, ಎಣ್ಣೆಯನ್ನು ಕೂಡ ನೋಡದೆ, ಕನ್ವರ್ಟರು ಹೋಗಿದೆ ಎಂದು ಚೀಟಿ ಬರೆದುಕೊಟ್ಟರಂತೆ. ಅವರು ಆ ಚೀಟಿಯನ್ನು ಹಿಡಿದುಕೊಂಡು ಬಡಾವಣೆಯ ಹಿರಿಯ ಮೆಕ್ಯಾನಿಕ್ಕರ ಬಳಿಗೆ ಬಂದರು.

“ಉಸ್ತಾದ್, ಇದಕ್ಕೆ ನಿಮ್ಮಲ್ಲಿ ಎಷ್ಟಾಗುತ್ತದೆ?”

“ಅಣ್ಣ, ಮೊದಲು ಎಣ್ಣೆ ನೋಡೋಣ. ದುಡ್ಡಿನ ಮಾತು ಆಮೇಲೆ.”

ಉಸ್ತಾದರು ಎಣ್ಣೆಯನ್ನು ಇಳಿಸಿ, ಕೆಳಗಿನ ತಟ್ಟೆಯನ್ನು ಬಿಚ್ಚಿ, ಅದರಲ್ಲಿದ್ದ ಅಯಸ್ಕಾಂತವನ್ನು ಬಿಳಿಯ ಬಟ್ಟೆಯಿಂದ ಒರಸಿ ತೋರಿಸಿದರು. ನುಣ್ಣನೆಯ ಬೂದಿಯಂತಹ ಪುಡಿಯಾದರೆ ಸಹಜ ಸವೆತ. ಆದರೆ ಅಲ್ಲಿ ಮಿನುಗುವ ಚೂರುಗಳಿದ್ದವು. ಸ್ಕ್ಯಾನರನ್ನು ಹಾಕಿ ಓಡಿಸಿದಾಗ, ಲಾಕಪ್ ಕಚ್ಚಿದ್ದರೂ ಇಂಜಿನಿನ ಸುತ್ತಿಗೂ ಟರ್ಬೈನಿನ ಸುತ್ತಿಗೂ ವ್ಯತ್ಯಾಸ ಕಾಣಿಸಿತು. ಅಂದರೆ ಈ ಬಾರಿ ಕನ್ವರ್ಟರು ನಿಜವಾಗಿಯೂ ಹೋಗಿತ್ತು. ದೊಡ್ಡ ಗ್ಯಾರೇಜಿನ ತೀರ್ಪು ಸರಿ, ಆದರೆ ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು. ಎರಡು ಗಂಟೆಯ ಈ ಪರೀಕ್ಷೆಯಿಂದ ಯಜಮಾನರಿಗೆ ಹಣ ಉಳಿಯಲಿಲ್ಲ. ಆದರೆ ಕೊಡುವ ಹಣ ಏತಕ್ಕೆಂಬುದು ತಿಳಿಯಿತು. ಮನೆಯಲ್ಲಿ ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ ಹಣಕ್ಕೆ ಕೈಹಾಕಬೇಕಾದವನಿಗೆ ಈ ತಿಳಿವಳಿಕೆ ಸಣ್ಣದಲ್ಲ.

ಈಗ ಚೀಟಿಯ ಕಡೆಗೆ ಬರೋಣ. ಬಂಡಿಯಿಂದ ಬಂಡಿಗೆ ಬೆಲೆ ಬೇರೆಯಾಗುವುದರಿಂದ, ಕೆಳಗಿನ ಅಂಕಿಗಳನ್ನು ಲೆಕ್ಕದ ಅನುಕೂಲಕ್ಕಾಗಿ ಹಿಡಿದ ಅಂಕಿಗಳೆಂದೇ ವಾಚಕರು ತಿಳಿಯಬೇಕು. ವಿಧಾನ ಮಾತ್ರ ಎಲ್ಲ ಬಂಡಿಗೂ ಒಂದೇ. ಹೊಸ ಕನ್ವರ್ಟರು 60,000 ರೂಪಾಯಿ. ಹತ್ತು ಲೀಟರ್ ಎಣ್ಣೆ, ಲೀಟರಿಗೆ 900ರಂತೆ 9,000. ಸೀಲು, ಫಿಲ್ಟರು, ಗ್ಯಾಸ್ಕೆಟ್ಟು 4,000. ಕೂಲರನ್ನು ತೊಳೆಯಲು 2,000. ಕೂಲಿ 15,000. ಒಟ್ಟು 90,000. ಇದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 16,200. ಚೀಟಿಯ ಕೊನೆಯ ಸಾಲು 1,06,200. ಮೋಟಾರಿನ ಇಂತಹ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ಕ್ಕೆ ಮೊದಲು ನೂರಕ್ಕೆ 28ರ ತೆರಿಗೆಯಿತ್ತು. ಕನ್ವರ್ಟರೊಂದರ ಮೇಲೆಯೇ ಆಗ 16,800 ಕೊಡಬೇಕಾಗಿದ್ದರೆ ಈಗ 10,800. ಆರು ಸಾವಿರದ ಈ ಇಳಿತವನ್ನು ಗಿರಾಕಿಯು ಚೀಟಿಯಲ್ಲಿ ಹುಡುಕಿ ನೋಡಬೇಕು.

ಕೂಲಿ ಹದಿನೈದು ಸಾವಿರವೇ ಎಂದು ಹುಬ್ಬೇರಿಸುವವರು ಆ ಕೆಲಸವನ್ನು ಒಮ್ಮೆ ನೋಡಬೇಕು. ಕನ್ವರ್ಟರು ಇಂಜಿನಿಗೂ ಗೇರು ಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡಿರುವುದರಿಂದ, ಅದನ್ನು ತೆಗೆಯಲು ಇಡೀ ಗೇರು ಪೆಟ್ಟಿಗೆಯನ್ನೇ ಇಳಿಸಬೇಕು. ಚಕ್ರಕ್ಕೆ ಹೋಗುವ ಶಾಫ್ಟು, ಸ್ಟಾರ್ಟರು, ಎಣ್ಣೆಯ ಕೊಳವೆಗಳು, ವೈರುಗಳು, ಅಡ್ಡತೊಲೆ, ಎಲ್ಲವನ್ನೂ ಬಿಚ್ಚಬೇಕು. ಸಣ್ಣ ಕಿಂಡಿಯೊಂದರಿಂದ ಕೈಹಾಕಿ, ಇಂಜಿನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಕನ್ವರ್ಟರಿನ ಬೋಲ್ಟುಗಳನ್ನು ಒಂದೊಂದಾಗಿ ತೆಗೆಯಬೇಕು. ಒಬ್ಬನಿಂದ ಎತ್ತಲಾಗದ ಪೆಟ್ಟಿಗೆಯನ್ನು ಜಾಕಿನ ಮೇಲೆ ಇಳಿಸಬೇಕು. ಹೊಸದನ್ನು ಕೂರಿಸುವುದು ಇನ್ನೂ ನಾಜೂಕು. ಕನ್ವರ್ಟರಿನ ಕತ್ತಿನಲ್ಲಿರುವ ಗಾಡಿಗಳು ಗೇರು ಪೆಟ್ಟಿಗೆಯ ಎಣ್ಣೆ ಪಂಪಿನೊಳಗೆ ಪೂರ್ತಿಯಾಗಿ ಹೋಗಿ ಕೂರಬೇಕು. ಕೈಯಿಂದ ತಿರುಗಿಸುತ್ತಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿಯುವುದು ಅನುಭವಸ್ಥನ ಬೆರಳಿಗೆ ತಿಳಿಯುತ್ತದೆ. ಪೂರ್ತಿ ಕೂರುವ ಮುನ್ನ ಬೋಲ್ಟುಗಳನ್ನು ಬಿಗಿದರೆ ಪಂಪು ಒಡೆಯುತ್ತದೆ. ಅಲ್ಲಿಗೆ ಒಂದು ರಿಪೇರಿ ಎರಡಾಯಿತು. ಹಳೆಯ ಎಣ್ಣೆಯ ಪುಡಿ ಉಳಿದ ಕೂಲರನ್ನು ತೊಳೆಯದೆ ಬಿಟ್ಟರೆ ಆ ಪುಡಿಯೇ ಹೊಸ ಕನ್ವರ್ಟರಿನೊಳಕ್ಕೆ ಹೋಗುತ್ತದೆ. ಆದುದರಿಂದ ಎರಡು ಸಾವಿರವನ್ನು ಉಳಿಸಲು ತೊಳೆಯುವ ಕೆಲಸವನ್ನು ಬಿಡಿಸುವುದು ಜಾಣತನವಲ್ಲ.

ಹೊಸದರ ಬದಲು ಹಳೆಯದನ್ನೇ ಏಕೆ ರಿಪೇರಿ ಮಾಡಬಾರದು? ಮಾಡಬಹುದು. ಆದರೆ ಆ ಡಬ್ಬಕ್ಕೆ ಮುಚ್ಚಳವಿಲ್ಲ. ಎರಡು ಹೋಳುಗಳನ್ನು ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಲೇತಿನ ಮೇಲೆ ಕೊಯ್ದು, ಲಾಕಪ್ ಲೇಪ, ಬೇರಿಂಗು, ಸೀಲುಗಳನ್ನು ಬದಲಿಸಿ, ಮತ್ತೆ ಬೆಸೆದು, ಸೋರುವುದೋ ಎಂದು ನೋಡಿ, ಕೊನೆಗೆ ಸಮತೋಲನ ಮಾಡಬೇಕು. ಕೊಯ್ಯಬಲ್ಲ ಲೇತು ಬಹಳ ಕಡೆ ಇದೆ. ಸಮತೋಲನದ ಯಂತ್ರ ಎಲ್ಲೆಡೆಯೂ ಇಲ್ಲ. ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವ ಭಾರವಾದ ಡಬ್ಬವು ಒಂದು ಪಕ್ಕಕ್ಕೆ ತೂಗಿದರೆ ಇಂಜಿನಿನ ಹಿಂಬದಿಯ ಸೀಲನ್ನೂ ಬೇರಿಂಗನ್ನೂ ಕೆಡಿಸುತ್ತದೆ. ಆದುದರಿಂದ ರಿಪೇರಿಯಾದ ಕನ್ವರ್ಟರನ್ನು ಕೊಳ್ಳುವವನು ಸಮತೋಲನ ಮಾಡಿದ್ದೀರಾ, ಎಷ್ಟು ತಿಂಗಳ ಭರವಸೆ ಕೊಡುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಮೂರನೆಯ ದಾರಿ ಗುಜರಿ. ಬೆಂಗಳೂರಿನ ಶಿವಾಜಿನಗರದಂತಹ ಕಡೆ, ಅಪಘಾತವಾದ ಬಂಡಿಗಳಿಂದ ಬಿಚ್ಚಿದ ಭಾಗಗಳು ದೊರೆಯುತ್ತವೆ. ಬೆಲೆ ಕಡಮೆ, ಆದರೆ ಒಳಗೆ ನೋಡಲಾಗದ ಡಬ್ಬವನ್ನು ನಂಬಿಕೆಯ ಮೇಲೆ ಕೊಳ್ಳಬೇಕು. ಅದು ಒಂದು ತಿಂಗಳಲ್ಲಿ ಕೆಟ್ಟರೆ ಹದಿನೈದು ಸಾವಿರದ ಕೂಲಿಯನ್ನೂ ಒಂಬತ್ತು ಸಾವಿರದ ಎಣ್ಣೆಯನ್ನೂ ಎರಡನೆಯ ಸಲ ಕೊಡಬೇಕು. ಭಾಗ ಅಗ್ಗ, ಕೂಲಿ ದುಬಾರಿ ಎಂಬ ಕಡೆ ಅಗ್ಗದ ಭಾಗವೇ ಅಪಾಯ.

ಚೀಟಿಯಲ್ಲಿ ಬರೆಯದ ಸಾಲುಗಳೂ ಇವೆ. ಬೇರೆಯವರ ಗಾಡಿಯಲ್ಲಿ ಎಳೆಸಿಕೊಂಡು ಬಂದುದಕ್ಕೆ 3,000. ಭಾಗ ಬರುವವರೆಗೆ ಬಂಡಿ ಹತ್ತು ದಿನ ನಿಂತರೆ, ಡೀಸೆಲ್ ಖರ್ಚು ಕಳೆದು ದಿನಕ್ಕೆ 1,500 ದುಡಿಯುವವನಿಗೆ 15,000 ನಷ್ಟ. ಇದನ್ನೇ ನಮ್ಮ ಪುಸ್ತಕಗಳು ಅವಕಾಶ ವೆಚ್ಚ ಎನ್ನುತ್ತವೆ. ಇವೆಲ್ಲ ಸೇರಿ 1,24,200. ಕೈಯಲ್ಲಿ ಹಣವಿಲ್ಲದೆ ಒಂದು ಲಕ್ಷವನ್ನು ನೂರಕ್ಕೆ ಮೂರರ ಮಾಸಿಕ ಬಡ್ಡಿಗೆ ಕೈಸಾಲ ತಂದರೆ ತಿಂಗಳಿಗೆ 3,000, ವರ್ಷಕ್ಕೆ 36,000. ಅರವತ್ತು ಸಾವಿರದ ವಸ್ತುವಿನ ಬೆಲೆ ಬೆಳೆದು ಬೆಳೆದು ಎಲ್ಲಿಗೆ ಮುಟ್ಟಿತು! ವಿಮೆ ಇದೆಯಲ್ಲ ಎನ್ನುವವರುಂಟು. ಆದರೆ ಸಾಮಾನ್ಯ ಮೋಟಾರು ವಿಮೆಯು ಅಪಘಾತಕ್ಕೆ ಹಣ ಕೊಡುತ್ತದೆಯೇ ಹೊರತು ಸವೆತಕ್ಕೂ ಯಂತ್ರದ ಕೆಡುಕಿಗೂ ಕೊಡುವುದಿಲ್ಲ.

ಮಾಡಿಸುವುದೋ ಮಾರುವುದೋ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬಹಳ ಮಂದಿ ಇಲ್ಲಿ ತಪ್ಪು ಲೆಕ್ಕವನ್ನು ಹಾಕುತ್ತಾರೆ. ‘ಹೋದ ವರ್ಷವಷ್ಟೇ ಟೈರಿಗೆ ನಲವತ್ತು ಸಾವಿರ ಹಾಕಿದ್ದೇನೆ, ಹೇಗೆ ಮಾರಲಿ?’ ಎನ್ನುತ್ತಾರೆ. ಹಾಕಿದ ಹಣ ಹಾಕಿಯಾಯಿತು. ಮಾಡಿಸಿದರೂ ಮಾರಿದರೂ ಅದು ಹಿಂದಿರುಗದು. ನೋಡಬೇಕಾದದ್ದು ಮುಂದಿನದನ್ನು. ಕೆಟ್ಟ ಸ್ಥಿತಿಯಲ್ಲಿ ಬಂಡಿಗೆ 4,00,000, ಸರಿಮಾಡಿಸಿದರೆ 5,75,000 ಬರುವುದಾದರೆ ವ್ಯತ್ಯಾಸ 1,75,000. ಎಳೆಸಿದ ಮೂರು ಸಾವಿರ ಆಗಲೇ ಹೋಗಿರುವುದರಿಂದ ಇನ್ನು ಬೀಳುವ ವೆಚ್ಚ 1,21,200. ವ್ಯತ್ಯಾಸವು ವೆಚ್ಚಕ್ಕಿಂತ ಹೆಚ್ಚಾಗಿರುವುದರಿಂದ ಮಾಡಿಸುವುದೇ ಲೇಸು. ಬಂಡಿ ಇನ್ನೂ ಹಳೆಯದಾಗಿ ವ್ಯತ್ಯಾಸ ಒಂದು ಲಕ್ಷಕ್ಕಿಂತ ಕೆಳಗಿಳಿದರೆ, ಇದ್ದ ಹಾಗೆಯೇ ಮಾರುವುದು ಲೇಸು. ಮನಸ್ಸಿನ ಮಮತೆ ಬೇರೆ, ಲೆಕ್ಕ ಬೇರೆ.

ಇದಕ್ಕಿಂತ ಒಳ್ಳೆಯದು, ಆ ಪ್ರಶ್ನೆ ಏಳದಂತೆ ನೋಡಿಕೊಳ್ಳುವುದು. 1,24,200 ರೂಪಾಯಿಯನ್ನು, ಕನ್ವರ್ಟರು ಬಾಳಿದ ದೂರ ಎರಡು ಲಕ್ಷ ಕಿಲೋಮೀಟರ್ ಎಂದು ಹಿಡಿದು ಭಾಗಿಸಿದರೆ, ಕಿಲೋಮೀಟರಿಗೆ ಸುಮಾರು 62 ಪೈಸೆ. ಅಂದರೆ ಊಟಿಗೆ ಹೋಗಿಬರುವ ಪ್ರತಿ ಪ್ರಯಾಣದಲ್ಲಿಯೂ ಬಂಡಿಯು ನೂರೈವತ್ತಕ್ಕೂ ಹೆಚ್ಚು ರೂಪಾಯಿಯನ್ನು ಚಾಲಕನಿಗೆ ಕಾಣದಂತೆ ತಿಂದಿರುತ್ತದೆ. ಗೇರು ಕೋಲಿನ ಬಂಡಿಯಲ್ಲಿ ಕ್ಲಚ್ ಪ್ಲೇಟು ಆಗಾಗ ಸವೆದು, ಆಗಾಗ ಸ್ವಲ್ಪ ಸ್ವಲ್ಪ ಹಣವನ್ನು ಕೇಳುತ್ತದೆ. ಚಾಲಕನು ಅದಕ್ಕೆ ಒಗ್ಗಿಕೊಂಡಿರುತ್ತಾನೆ. ಕನ್ವರ್ಟರು ವರ್ಷಗಟ್ಟಲೆ ಏನನ್ನೂ ಕೇಳದೆ, ಕೇಳಿದಾಗ ಎಲ್ಲವನ್ನೂ ಒಟ್ಟಿಗೆ ಕೇಳುತ್ತದೆ. ಇದೇ ಅದರ ಕ್ರೌರ್ಯ. ಕಂಪನಿಗಳು ಇದನ್ನು ಬಲ್ಲವು. ವರ್ಷ ವರ್ಷ ಸವಕಳಿಯೆಂದು ತೆಗೆದಿಡುತ್ತವೆ. ಒಂದೇ ಬಂಡಿಯ ಯಜಮಾನನಿಗೆ ಸವಕಳಿಯ ಖಾತೆಯಿಲ್ಲ. ದಿನದ ಗಳಿಕೆಯೆಲ್ಲವೂ ಲಾಭವೆಂದೇ ತೋರುತ್ತದೆ.

ಎಣ್ಣೆಯ ವಿಷಯಕ್ಕೂ ಇದೇ ಮಾತು. ಅರವತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆಯನ್ನು ಪೂರ್ತಿಯಾಗಿ ಬದಲಿಸಲು, ತೆರಿಗೆ ಸೇರಿ 12,980 ಆಗುವುದೆಂದರೆ, ಎರಡು ಲಕ್ಷ ಕಿಲೋಮೀಟರಿನೊಳಗೆ ಮೂರು ಸಲಕ್ಕೆ 38,940. ಇದು ಕನ್ವರ್ಟರು ಕೆಟ್ಟಾಗ ಬೀಳುವ ವೆಚ್ಚದ ಮೂರನೆಯ ಒಂದು ಪಾಲಿಗೂ ಕಡಮೆ. ಕೆಳಗಿನ ತಿರುಪನ್ನು ಬಿಚ್ಚಿದ ಮಾತ್ರಕ್ಕೆ ಎಲ್ಲ ಎಣ್ಣೆಯೂ ಇಳಿಯುವುದಿಲ್ಲ, ದೊಡ್ಡ ಪಾಲು ಕನ್ವರ್ಟರಿನೊಳಗೇ ಉಳಿಯುತ್ತದೆ ಎಂಬುದನ್ನೂ, ಕಂಪನಿಯವರು ಹೇಳಿದ ಜಾತಿಯ ಎಣ್ಣೆಯನ್ನೇ ಹಾಕಬೇಕೆಂಬುದನ್ನೂ ಮರೆಯಬಾರದು. ಘಟ್ಟದಲ್ಲಿ ಗೇರನ್ನು ಕೆಳಗಿನ ಅಂಕಿಗೆ ಹಿಡಿದಿಟ್ಟು ಹತ್ತಿದರೆ ಜಾರಾಟವೂ ಶಾಖವೂ ಕಡಮೆ. ಇಳಿಜಾರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರಿನಿಂದ ಬಂಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಆಗ ಇಂಜಿನಿನ ಶಕ್ತಿಯೆಲ್ಲವೂ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ.

ಇಷ್ಟಾಗಿಯೂ ಕೆಟ್ಟರೆ, ಗಿರಾಕಿಯು ಅಂದಾಜನ್ನು ಬರಹದಲ್ಲಿ ಕೇಳಬೇಕು. ಭಾಗ, ಎಣ್ಣೆ, ಕೂಲಿ, ತೆರಿಗೆ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಹಾಕಿದ ಭಾಗಕ್ಕೂ ಮಾಡಿದ ಕೆಲಸಕ್ಕೂ ಎಷ್ಟು ದಿನದ ಭರವಸೆಯೆಂಬುದನ್ನು ಅದರಲ್ಲಿಯೇ ಕಾಣಿಸಬೇಕು. ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಕೇಳಿ ಪಡೆಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲೆಯ ಗ್ರಾಹಕ ಆಯೋಗದ ಮುಂದೆ ಹೋಗಬೇಕಾಗಿ ಬಂದರೆ ನೆರವಾಗುವುದು ಇಂತಹ ಕಾಗದಗಳೇ.

ವಿದ್ಯುತ್ ಬಂಡಿಗಳು ಹೆಚ್ಚಿದಂತೆ ಟಾರ್ಕ್ ಕನ್ವರ್ಟರು ಕ್ರಮೇಣ ಹಿಂದೆ ಸರಿದೀತು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲವನ್ನು ಕೊಡುವುದರಿಂದ ಅದಕ್ಕೆ ಈ ಸಂಧಾನಕಾರ ಬೇಕಿಲ್ಲ. ಆಗ ಬ್ಯಾಟರಿಯ ಬೆಲೆ ಎಂಬ ಹೊಸ ಚೀಟಿ ಬರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಗೇ ಕೇಳುವ ಸ್ವಭಾವ ಅದಕ್ಕೂ ಇದೆ. ಯಂತ್ರ ಬದಲಾದರೂ ಲೆಕ್ಕ ಬದಲಾಗುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ತಂದೆ, ಅಣ್ಣಂದಿರು ದಿನದ ಗಳಿಕೆಯನ್ನು ಎಣಿಸಲು ಬಲ್ಲರು. ಸವೆತವನ್ನು ಎಣಿಸಲು ಅವರಿಗೆ ಯಾರೂ ಕಲಿಸಲಿಲ್ಲ. ಆ ಪಾಠ ನಮಗೆ ತರಗತಿಯಲ್ಲಿ ದೊರೆತಿದೆ. ಈ ರಜೆಯಲ್ಲಿ ಮನೆಯ ಬಂಡಿಗೊಂದು ಸವಕಳಿ ಪುಸ್ತಕವನ್ನು ತೆರೆದು, ಓಡಿದ ಪ್ರತಿ ಕಿಲೋಮೀಟರಿಗೂ ಒಂದು ರೂಪಾಯಿಯಂತೆ ತೆಗೆದಿಡುವ ರೂಢಿಯನ್ನು ಹಾಕಿದರೆ, ನಾವು ಓದಿದ ಅರ್ಥಶಾಸ್ತ್ರವು ಮನೆಗೆ ಮುಟ್ಟಿದಂತಾಗುತ್ತದೆ.